ಗೋಳೇಶ್ವರದ ಜಟ್ಟಿ

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಕನ್ನಡ ನಾಡಿಗೆ ಕಾಲಿಡುವುದಕ್ಕೆ ಮುನ್ನ ಸಾತಾರಾ ಜಿಲ್ಲೆಯ ಕರಾಡದಲ್ಲಿ ಕೊಯ್ನೆಯನ್ನು ಕೂಡಿಕೊಳ್ಳುತ್ತಾಳೆ. ಎರಡು ನದಿಗಳೂ ಎದುರುಬದುರಾಗಿ ಹರಿದುಬಂದು ಒಂದನ್ನೊಂದು ಹಿಡಿದುಕೊಳ್ಳುವ ಆ ಸ್ಥಳಕ್ಕೆ ಜನ ಪ್ರೀತಿಸಂಗಮವೆಂದು ಹೆಸರಿಟ್ಟಿದ್ದಾರೆ. ಕರಾಡಕ್ಕೆ ಹತ್ತಿರದಲ್ಲಿಯೇ ಗೋಳೇಶ್ವರವೆಂಬ ಹಳ್ಳಿ. ಖಾಶಾಬಾ ದಾದಾಸಾಹೇಬ ಜಾಧವರು ಹುಟ್ಟಿದ್ದು ಅಲ್ಲಿ, ೧೯೨೬ನೆಯ ಇಸವಿ ಜನವರಿ ೧೫ರಂದು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ ಕೂಟದಲ್ಲಿ ಒಬ್ಬನೇ ನಿಂತು ಹೋರಾಡಿ ಪದಕ ತಂದ ಮೊದಲನೆಯ ವ್ಯಕ್ತಿ ಈತ. ಇವರಿಗಿಂತ ಹಿಂದೆ, ೧೯೦೦ರಲ್ಲಿ, ನಾರ್ಮನ್ ಪ್ರಿಚರ್ಡ್ ಎಂಬಾತ ಪ್ಯಾರಿಸಿನಲ್ಲಿ ಓಟದ ಪಂದ್ಯಗಳಲ್ಲಿ ಎರಡು ಬೆಳ್ಳಿ ಪದಕಗಳನ್ನು ಗೆದ್ದದ್ದುಂಟು. ಅದು ಪರರ ಆಳ್ವಿಕೆಯ ಕಾಲದ ಮಾತು.

ಮರಾಠಿ ನಾಡಿನ ಒಬ್ಬ ಪೈಲ್ವಾನನ ಚರಿತ್ರೆ ಕನ್ನಡ ವಾಚಕರಿಗೆ ಏಕೆಂದು ಯಾರಾದರೂ ಕೇಳಬಹುದು. ಖಾಶಾಬಾ ಪದಕ ಗೆದ್ದ ೧೯೫೨ರಲ್ಲಿ ಸಾತಾರಾ, ಕೊಲ್ಹಾಪುರಗಳೂ ನಮ್ಮ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರಗಳೂ ಒಂದೇ ಮುಂಬಯಿ ರಾಜ್ಯಕ್ಕೆ ಸೇರಿದ್ದುವು. ಆಡಳಿತದ ಗೆರೆಗಳು ೧೯೫೬ರಲ್ಲಿ ಬದಲಾದುವು. ಕುಸ್ತಿಯ ನಂಟು ಬದಲಾಗಲಿಲ್ಲ. ಮೈಸೂರಿನ ಕಡೆ ನಾವು ಗರಡಿಮನೆ ಎನ್ನುವುದನ್ನು ಬೆಳಗಾವಿಯವರು ತಾಲೀಮು ಎನ್ನುತ್ತಾರೆ. ಕೊಲ್ಹಾಪುರದವರ ಮಾತೂ ಅದೇ. ಕೆಮ್ಮಣ್ಣು ಒಂದೇ, ದಂಡ ಬಸ್ಕಿಗಳು ಒಂದೇ, ಗೋಡೆಯ ಮೇಲಿನ ಹನುಮಂತನೂ ಒಬ್ಬನೇ. ಇನ್ನು ಮೈಸೂರಿನವರಿಗೆ ಜಟ್ಟಿಗಳ ಕಾಳಗವಿಲ್ಲದೆ ದಸರೆಯಿಲ್ಲ. ರಣಧೀರ ಕಂಠೀರವ ನರಸರಾಜ ಒಡೆಯರು ರಾಜರಾಗುವುದಕ್ಕೆ ಮುನ್ನ ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಮಲ್ಲನನ್ನು ಸೋಲಿಸಿದರೆಂಬ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಹಳೆಯ ಮೈಸೂರಿನಲ್ಲಿ ಕಡಿಮೆ. ಬೆಂಗಳೂರಿನ ಪಶ್ಚಿಮಕ್ಕೆ, ಲಗ್ಗೆರೆಯ ಸಮೀಪದಲ್ಲಿ, ಆ ಅರಸನ ಬಿರುದನ್ನು ಹೊತ್ತ ಸ್ಟುಡಿಯೋ ಒಂದಿದೆ. ಊರ ನಡುವೆ ಕ್ರೀಡಾಂಗಣವೂ ಇದೆ. ಅರಸು ಜಟ್ಟಿಯ ಹೆಸರು ಹೀಗೆ ದಿನವೂ ನಮ್ಮ ಕಣ್ಣಿಗೆ ಬೀಳುತ್ತದೆ. ರೈತರ ಮನೆಯ ಜಟ್ಟಿಯ ಹೆಸರನ್ನು ಲಗ್ಗೆರೆಯ ಶಾಲಾಬಾಲಕನೊಬ್ಬನಿಗೆ ಹೇಳಿ ನೋಡಿದರೆ ಆತ ಗುರುತಿಸುವನೇ ಎಂಬುದು ಸಂದೇಹ. ಆತನ ತಪ್ಪಲ್ಲ ಅದು.

ಖಾಶಾಬಾ ಐವರು ಗಂಡುಮಕ್ಕಳಲ್ಲಿ ಕೊನೆಯವರು. ತಂದೆ ದಾದಾಸಾಹೇಬರು ಸುತ್ತಣ ಹಳ್ಳಿಗಳಲ್ಲಿ ಹೆಸರಾದ ಪೈಲ್ವಾನರು. ಮಗನಿಗೆ ಐದು ವರ್ಷ ತುಂಬುವಷ್ಟರಲ್ಲಿ ಅವನನ್ನು ಮಣ್ಣಿಗೆ ಇಳಿಸಿದರು. ಹಳ್ಳಿಯ ಜಾತ್ರೆಯ ಕುಸ್ತಿ ಎಂಬುದು ಆ ಸೀಮೆಯಲ್ಲಿ ವಿನೋದ ಮಾತ್ರವಲ್ಲ, ಮನೆತನದ ಮಾನ. ಹುಡುಗ ಆಳು ಸಣ್ಣವನು, ಮೈತೂಕ ಕಡಿಮೆ. ದೊಡ್ಡ ಮೈಯವರ ಮೇಲೆ ಬಲದಿಂದ ಏನೂ ಸಾಗದೆಂಬುದನ್ನು ಬೇಗನೆ ಕಲಿತನು. ಅದರಿಂದ ಪಟ್ಟುಗಳ ಕಡೆಗೆ ಮನಸ್ಸು ಹರಿಯಿತು. ಕರಾಡದ ತಿಲಕ ಹೈಸ್ಕೂಲಿನಲ್ಲಿ ೧೯೪೦ರಿಂದ ೧೯೪೭ರವರೆಗೆ ವಿದ್ಯಾಭ್ಯಾಸ. ನಡುವೆ ಬಂದದ್ದು ೧೯೪೨ರ ಚಳವಳಿ. ಸಾತಾರಾ ಜಿಲ್ಲೆಯಲ್ಲಿ ಅದು ಇತರ ಕಡೆಗಳಂತೆ ಕೆಲವು ತಿಂಗಳಲ್ಲಿ ಆರಿಹೋಗಲಿಲ್ಲ. ನಾನಾ ಪಾಟೀಲರ ನಾಯಕತ್ವದಲ್ಲಿ ಪ್ರತಿಸರ್ಕಾರವೇ ಕೆಲವು ವರ್ಷ ನಡೆಯಿತು. ಆ ದಿನಗಳಲ್ಲಿ ಬಾಲಕ ಖಾಶಾಬಾ ತಲೆಮರೆಸಿಕೊಂಡ ಹೋರಾಟಗಾರರಿಗೆ ಆಸರೆ ಒದಗಿಸುವುದು, ಪತ್ರಗಳನ್ನು ಕೈಯಿಂದ ಕೈಗೆ ಮುಟ್ಟಿಸುವುದು, ಇಂಥ ಕೆಲಸಗಳಲ್ಲಿ ಭಾಗಿಯಾದನು.

ಹೈಸ್ಕೂಲು ಮುಗಿದ ಮೇಲೆ ಕೊಲ್ಹಾಪುರ. ಕುಸ್ತಿಯ ಆಸೆಯುಳ್ಳ ಯುವಕನಿಗೆ ಅದಕ್ಕಿಂತ ದೊಡ್ಡ ವಿದ್ಯಾಪೀಠ ಬೇರೊಂದಿರಲಿಲ್ಲ. ಶಾಹು ಮಹಾರಾಜರು ತಮ್ಮ ಆಳ್ವಿಕೆಯಲ್ಲಿ ಪಂಜಾಬಿನಿಂದಲೂ ಉತ್ತರ ದೇಶದಿಂದಲೂ ಮಲ್ಲರನ್ನು ಕರೆಸಿ, ಅನ್ನ ಹಾಲು ಬಾದಾಮಿಗಳಿಗೆ ಏರ್ಪಾಡು ಮಾಡಿ, ೧೯೧೨ರಲ್ಲಿ ಖಾಸಬಾಗ್ ಮೈದಾನವೆಂಬ ಕುಸ್ತಿ ಅಖಾಡವನ್ನೇ ಕಟ್ಟಿಸಿಕೊಟ್ಟಿದ್ದರು. ನಡುವೆ ತಗ್ಗಿನಲ್ಲಿ ಮಣ್ಣು, ಸುತ್ತ ಏರುತ್ತ ಹೋಗುವ ಪ್ರೇಕ್ಷಕರ ಜಾಗ. ಎಲ್ಲಿ ಕುಳಿತವನಿಗೂ ಜಟ್ಟಿಗಳ ಬೆರಳು ಸಹ ಕಾಣಬೇಕೆಂಬುದು ಕಟ್ಟಿದವರ ಉದ್ದೇಶ. ಇಲ್ಲಿಯ ರಾಜಾರಾಮ ಕಾಲೇಜಿಗೆ ಖಾಶಾಬಾ ಸೇರಿದರು. ಬಾಬೂರಾವ್ ಬಲಾವಡೆ, ಬೇಲಾಪುರಿ ಗುರೂಜಿ ಎಂಬ ಇಬ್ಬರು ಅವರನ್ನು ತಿದ್ದಿದ ಗುರುಗಳು. ಢಾಕ್ ಎಂಬ ಪಟ್ಟು ಅವರಿಗೆ ವಿಶೇಷವಾಗಿ ಒಲಿಯಿತು. ಎದುರಾಳಿಯ ತಲೆಯನ್ನು ತೋಳಿನಲ್ಲಿ ಬಿಗಿದು, ಸೊಂಟವನ್ನು ತಿರುಗಿಸಿ, ಅವನ ಭಾರವನ್ನೇ ಅವನಿಗೆ ಶತ್ರುವಾಗಿ ಮಾಡಿ ನೆಲಕ್ಕೆ ಕೆಡಹುವ ವರಸೆ ಅದು. ಆಳು ಚಿಕ್ಕದಾದಷ್ಟೂ ಅದಕ್ಕೆ ಅನುಕೂಲ.

೧೯೪೮ರಲ್ಲಿ ಲಂಡನ್ ನಗರದಲ್ಲಿ ಒಲಿಂಪಿಕ್ ಕೂಟ. ಕೊಲ್ಹಾಪುರದ ಮಹಾರಾಜರು ಖರ್ಚು ವಹಿಸಿಕೊಂಡರು. ಇಪ್ಪತ್ತೆರಡರ ಯುವಕ ಹಡಗಿನಾಚೆಯ ಲೋಕವನ್ನು ಕಂಡನು. ಕಂಡದ್ದರಲ್ಲಿ ಮುಖ್ಯವಾದುದು ಮೆತ್ತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕುಸ್ತಿ ಮಣ್ಣಿನ ಕುಸ್ತಿ. ಹದಮಾಡಿದ ಕೆಮ್ಮಣ್ಣಿನಲ್ಲಿ ಕಾಲು ತುಸು ಹೂಳುತ್ತದೆ; ಚಲನೆ ನಿಧಾನ, ಹಿಡಿತ ಗಟ್ಟಿ. ಬೆವರಿದ ಮೈಗೆ ಮಣ್ಣು ಎರಚಿಕೊಂಡರೆ ಕೈ ಜಾರುವುದಿಲ್ಲ. ಗೆಲವೆಂದರೆ ಒಂದೇ, ಎದುರಾಳಿಯ ಬೆನ್ನು ನೆಲಕ್ಕೆ ತಾಗಬೇಕು, ಚಿತ್ ಆಗಬೇಕು. ಅದಕ್ಕೆ ಕಾಲು ಗಂಟೆಯಾಗಲಿ, ಒಂದು ಗಂಟೆಯಾಗಲಿ, ಜಾತ್ರೆಯಲ್ಲಿ ಕೇಳುವವರು ಯಾರು? ಒಲಿಂಪಿಕ್ ಕೂಟದ ಮುಕ್ತ ಕುಸ್ತಿ ಮೆತ್ತೆಯ ಮೇಲೆ ನಡೆಯುತ್ತದೆ. ಅಲ್ಲಿ ಕಾಲು ಹಗುರ, ಮೈ ಜಾರು, ಗಡಿಯಾರ ಓಡುತ್ತಿರುತ್ತದೆ. ಬೆನ್ನು ತಾಗಿಸದಿದ್ದರೂ ತೀರ್ಪುಗಾರರ ಅಂಕಗಳಿಂದ ಗೆಲ್ಲಬಹುದು. ಒಂದು ಕ್ಷಣ ಮೈಮರೆತರೆ ಸೋಲಲೂಬಹುದು. ಮಣ್ಣಿನ ಜಟ್ಟಿಗೆ ಇದು ಅದೇ ವಿದ್ಯೆಯಲ್ಲ, ಅದರ ದಾಯಾದಿ.

ಲಂಡನ್ನಿನಲ್ಲಿ ಇಳಿದಾಗ ಖಾಶಾಬಾಗೆ ಈ ಮೆತ್ತೆಯ ಅಭ್ಯಾಸ ಏನೂ ಇರಲಿಲ್ಲವೆಂದೇ ಹೇಳಬೇಕು. ರೀಸ್ ಗಾರ್ಡ್‌ನರ್ ಎಂಬ ಅಮೆರಿಕದ ತರಬೇತುದಾರ ಅಲ್ಲಿ ಅವರನ್ನು ತಿದ್ದಿದನು. ೫೨ ಕಿಲೋ ತೂಕದೊಳಗಿನ ವರ್ಗದಲ್ಲಿ ಆಸ್ಟ್ರೇಲಿಯದ ಬರ್ಟ್ ಹ್ಯಾರಿಸನನ್ನೂ ಅಮೆರಿಕದ ಬಿಲ್ಲಿ ಜೆರ್ನಿಗನನನ್ನೂ ಸೋಲಿಸಿ, ಇರಾನಿನ ಮನ್ಸೂರ್ ರಯೀಸಿಗೆ ಸೋತು, ಕಡೆಗೆ ಆರನೆಯವರಾಗಿ ನಿಂತರು. ಮೊದಲನೆಯ ಸ್ಥಾನ ಫಿನ್‌ಲೆಂಡಿನ ಲೆನ್ನಾರ್ಟ್ ವೀತಾಲನ ಪಾಲಾಯಿತು. ಮುಂದಿನ ಕೂಟ ನಡೆಯುವುದು ಅವನ ದೇಶದಲ್ಲಿಯೇ ಎಂಬುದು ಆಗ ನಿಶ್ಚಯವಾಗಿದ್ದಿತು. ಅನುಭವವಿಲ್ಲದೆ ಹೋಗಿ ಆರನೆಯವನಾದವನು ಅನುಭವ ಪಡೆದು ಹೋದರೆ ಏನಾಗಬಹುದು? ಊರಿಗೆ ಮರಳಿದ ಖಾಶಾಬಾ ನಾಲ್ಕು ವರ್ಷ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರು. ತೂಕವನ್ನು ಏರಿಸಿಕೊಂಡು ೫೭ ಕಿಲೋ ವರ್ಗಕ್ಕೆ ಬಂದರು.

ಕೊಲ್ಹಾಪುರ ಸೀಮೆಗೂ ಒಲಿಂಪಿಕ್ ಕೂಟಕ್ಕೂ ಇದ್ದ ಸಂಬಂಧ ಹೊಸದೇನಲ್ಲ. ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪಿಗೆ ಭಾರತದಿಂದ ಹೋದ ಪುಟ್ಟ ತಂಡಕ್ಕೆ ದೊರಾಬ್ಜಿ ಟಾಟಾ ಅವರು ಬೆನ್ನಾಗಿ ನಿಂತಿದ್ದರು. ಅದರಲ್ಲಿ ಇಬ್ಬರು ಕುಸ್ತಿಪಟುಗಳು, ಕುಮಾರ ನವಲೆ ಮತ್ತು ರಣಧೀರ ಶಿಂದೆ. ಶಿಂದೆಯವರು ನಾಲ್ಕನೆಯವರಾದರು, ಕಂಚಿಗೆ ಒಂದೇ ಮೆಟ್ಟಿಲು ಕಡಿಮೆ. ಅದೇ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಟವನ್ನು ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಚೌಗುಲೆಯವರ ಚರಿತ್ರೆಯನ್ನೂ ಒಂದು ದಿನ ಯಾರಾದರೂ ವಿಸ್ತಾರವಾಗಿ ಬರೆಯಬೇಕು.

೧೯೪೮ಕ್ಕೂ ೧೯೫೨ಕ್ಕೂ ನಡುವೆ ಒಂದು ಬದಲಾವಣೆಯಾಗಿದ್ದಿತು. ೧೯೪೯ರ ಮಾರ್ಚಿಯಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಗಬೇಕಾದದ್ದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಟ್ಟಿಗೆ ಹಾಲು ಬಾದಾಮಿ ಒದಗಿಸುತ್ತಿದ್ದ ಅರಮನೆಯ ಬೊಕ್ಕಸ ಮುಚ್ಚಿತು, ಅದರ ಜಾಗದಲ್ಲಿ ಬಂದ ಸರ್ಕಾರಕ್ಕೆ ಕುಸ್ತಿ ತನ್ನ ಕೆಲಸವೆಂದು ಇನ್ನೂ ತೋರಿರಲಿಲ್ಲ. ನಮ್ಮ ದೇಶದ ಅನೇಕ ಕಲೆಗಳಿಗೂ ಆ ವರ್ಷಗಳಲ್ಲಿ ಇದೇ ಗತಿ. ಹಳೆಯ ದಾತ ಹೋದನು, ಹೊಸ ದಾತ ಬರಲಿಲ್ಲ. ಖಾಶಾಬಾ ನಿಂತದ್ದು ಸರಿಯಾಗಿ ಆ ಸಂದಿಯಲ್ಲಿ.

ಮೊದಲು ಆಯ್ಕೆಯ ತೊಡಕು. ಮದರಾಸಿನಲ್ಲಿ ನಡೆದ ರಾಷ್ಟ್ರೀಯ ಪಂದ್ಯಗಳಲ್ಲಿ ಅಂಕ ಕೊಡುವಾಗ ತಮಗೆ ಅನ್ಯಾಯವಾಯಿತೆಂಬುದು ಅವರ ದೂರು. ಸುಮ್ಮನೆ ಕೂಡದೆ, ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಪಟಿಯಾಲಾ ಮಹಾರಾಜ ಯಾದವೀಂದ್ರ ಸಿಂಗರಿಗೆ ಮೊರೆಯಿಟ್ಟರು. ಮಹಾರಾಜರು ಕುಸ್ತಿಯ ಮರ್ಮ ಬಲ್ಲವರು. ಮತ್ತೊಮ್ಮೆ ಪರೀಕ್ಷೆ ನಡೆಯಲೆಂದು ಒಪ್ಪಿದರು. ಅಲ್ಲಿ ಖಾಶಾಬಾ ತಮ್ಮ ಎದುರಾಳಿಯನ್ನು ಕೆಡವಿದರು. ಹೆಸರು ಪಟ್ಟಿಗೆ ಸೇರಿತು.

ಇನ್ನು ಹಣ. ಪ್ರಯಾಣದ ಖರ್ಚನ್ನು ಆಟಗಾರನೇ ಹೊಂದಿಸಿಕೊಳ್ಳಬೇಕು. ಗೋಳೇಶ್ವರದ ಜನ ತಮ್ಮ ಕೈಲಾದಷ್ಟು ಕೂಡಿಸಿದರು. ಮುಂಬಯಿ ಸರ್ಕಾರದಿಂದ ನಾಲ್ಕು ಸಾವಿರ ರೂಪಾಯಿ ಬೇಡಿದಾಗ, ಕೂಟ ಮುಗಿದ ಮೇಲೆ ಬಂದು ಕಾಣುವಂತೆ ಮುಖ್ಯಮಂತ್ರಿಗಳಿಂದ ಉತ್ತರ ಬಂದಿತೆಂದು ಆ ಕಡೆಯವರು ಈಗಲೂ ಹೇಳಿಕೊಳ್ಳುತ್ತಾರೆ. ಆಗ ಮುಂದೆ ಬಂದವರು ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೀಕರರು. ಅವರು ಧನಿಕರಲ್ಲ, ಇದ್ದದ್ದು ಒಂದು ಮನೆ. ಆ ಮನೆಯನ್ನು ಅಡವಿಟ್ಟು ಏಳು ಸಾವಿರ ರೂಪಾಯಿ ತಂದು ಶಿಷ್ಯನ ಕೈಯಲ್ಲಿಟ್ಟರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಶಿಷ್ಯನು ಸೋತು ಬಂದಿದ್ದರೆ? ಕಾಲು ಮುರಿದುಕೊಂಡು ಬಂದಿದ್ದರೆ? ಪಾಠ ಹೇಳುವವರಾದ ನಮ್ಮಲ್ಲಿ ಎಷ್ಟು ಮಂದಿ ಆ ಕಾಗದಕ್ಕೆ ರುಜು ಹಾಕುತ್ತಿದ್ದೆವು ಎಂದು ಒಮ್ಮೆ ಯೋಚಿಸಿಕೊಳ್ಳಬಹುದು. ಕುಸ್ತಿಯ ಚರಿತ್ರೆಯಲ್ಲಿ ಖರ್ಡೀಕರರ ಹೆಸರು ಎರಡು ಸಾಲು ಮಾತ್ರ ಬರುತ್ತದೆ. ಉಪಾಧ್ಯಾಯ ವೃತ್ತಿಯ ಚರಿತ್ರೆಯಲ್ಲಿ ಅದು ಇನ್ನೂ ಹೆಚ್ಚಾಗಿ ಬರಬೇಕು.

ಹೆಲ್ಸಿಂಕಿಯಲ್ಲಿ ಆ ವರ್ಷ ಕುಸ್ತಿಯ ಕಣ ಹಿಂದಿನಂತಿರಲಿಲ್ಲ. ಸೋವಿಯತ್ ಒಕ್ಕೂಟ ಮೊದಲ ಬಾರಿಗೆ ಒಲಿಂಪಿಕ್ ಕೂಟಕ್ಕೆ ಬಂದಿತ್ತು. ಯುದ್ಧದಲ್ಲಿ ಸೋತು ೧೯೪೮ರ ಕೂಟದಿಂದ ಹೊರಗಿದ್ದ ಜಪಾನ್ ಮರಳಿ ಬಂದಿತ್ತು. ಸೋವಿಯತ್ ದೇಶದ ಬಲವಿದ್ದದ್ದು ಅದರ ಜನಪದರಲ್ಲಿ. ಕಾಕಸಸ್ ಬೆಟ್ಟಗಳವರು, ಮಧ್ಯ ಏಷ್ಯದ ಹುಲ್ಲುಗಾವಲಿನವರು ತಲೆತಲಾಂತರದಿಂದ ತಮ್ಮದೇ ಕುಸ್ತಿಗಳನ್ನು ಆಡಿಕೊಂಡು ಬಂದವರು. ಕಜಕರಲ್ಲಿ ಕುರೆಸ್ ಎಂಬುದು ಹಬ್ಬಹುಣ್ಣಿಮೆಗಳ ಆಟ. ಆ ಸರ್ಕಾರ ಅಂಥವರಿಗೆ ಮೆತ್ತೆ ಹಾಸಿಕೊಟ್ಟು, ಗುರುಗಳನ್ನು ಕೊಟ್ಟು, ಊಟ ಕೊಟ್ಟು ಕಳಿಸಿತು. ಮುಂದೆ ೧೯೯೬ರ ಅಟ್ಲಾಂಟಾ ಕೂಟಕ್ಕೆ ಕಜಕಸ್ತಾನವು ತನ್ನದೇ ಧ್ವಜ ಹಿಡಿದು ಬಂದಾಗ ಅದರ ಕುಸ್ತಿಗೆ ಆಗಲೇ ಹಲವು ದಶಕಗಳ ಈ ಬುನಾದಿ ಇದ್ದಿತು. ನಮ್ಮಲ್ಲಿಯೂ ಜನಪದರ ಕುಸ್ತಿ ಅವರದಕ್ಕೇನೂ ಕಡಿಮೆಯಿರಲಿಲ್ಲ. ಮೆತ್ತೆ ಮಾತ್ರ ಇರಲಿಲ್ಲ.

ಖಾಶಾಬಾ ಕೆನಡಾದ ಆದ್ರಿಯಾಂ ಪೋಲಿಕ್ಯಾಂನನ್ನು ಸೋಲಿಸಿದರು. ಮೆಕ್ಸಿಕೋದ ಲಿಯೊನಾರ್ಡೊ ಬಸುರ್ತೋನನ್ನು ಸೋಲಿಸಿದರು. ಜರ್ಮನಿಯ ಫರ್ಡಿನಾಂಡ್ ಶ್ಮಿಟ್ಸನನ್ನೂ ಸೋಲಿಸಿದರು. ಆ ದಿನಗಳ ಲೆಕ್ಕಾಚಾರ ವಿಚಿತ್ರ. ಸೋತವನಿಗೆ ದೋಷಾಂಕ, ಬೆನ್ನು ತಾಗಿಸದೆ ಬರಿಯ ತೀರ್ಪಿನಿಂದ ಗೆದ್ದವನಿಗೂ ಒಂದು ದೋಷಾಂಕ. ಐದು ಕೂಡಿದವನು ಮನೆಗೆ. ಹೀಗೆ ಒಬ್ಬೊಬ್ಬರನ್ನೇ ಜರಡಿ ಹಿಡಿದು ಕೊನೆಗೆ ಮೂವರು ಉಳಿದರು: ಜಪಾನಿನ ಶೊಹಾಚಿ ಇಶಿಯಿ, ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೋವ್, ಭಾರತದ ಖಾಶಾಬಾ ಜಾಧವ್. ಮೂವರೂ ಏಷ್ಯದ ಕುಸ್ತಿ ಸಂಪ್ರದಾಯಗಳ ಮಕ್ಕಳೆಂಬುದನ್ನು ಇಲ್ಲಿ ಗಮನಿಸಬಹುದು. ಇಶಿಯಿ ಮೊದಲಿಗೆ ಜೂಡೋ ಕಲಿತವನು, ಮಮ್ಮದ್‌ಬೆಯೋವ್ ಅಜರ್‌ಬೈಜಾನಿನವನು.

೧೯೫೨ರ ಜುಲೈ ೨೩. ಇಶಿಯಿಯೊಡನೆ ಸೆಣಸಾಟ ಪೂರ್ತಿ ಕಾಲು ಗಂಟೆ ನಡೆಯಿತು. ಮೆತ್ತೆಯ ಮೇಲಿನ ಕಾಲು ಗಂಟೆ ಎಂದರೆ ಮೈಯ ಒಂದೊಂದು ಸ್ನಾಯುವನ್ನೂ ಹಿಂಡಿ ತೆಗೆದಂತೆ. ಖಾಶಾಬಾ ಸೋತರು. ಉಸಿರು ಹಿಡಿತಕ್ಕೆ ಬರುವುದಕ್ಕೆ ಮುಂಚೆಯೇ ಮಮ್ಮದ್‌ಬೆಯೋವನೊಡನೆ ಕಣಕ್ಕೆ ಇಳಿಯುವಂತೆ ಕರೆ ಬಂದಿತು. ಎರಡು ಪಂದ್ಯಗಳ ನಡುವೆ ಅರ್ಧ ಗಂಟೆಯ ವಿಶ್ರಾಂತಿ ಇರಬೇಕೆಂಬುದು ನಿಯಮ. ಆ ನಿಯಮವನ್ನು ಎತ್ತಿ ಹೇಳಿ ವಾದಿಸುವುದಕ್ಕೆ ಭಾರತದ ಅಧಿಕಾರಿಯೊಬ್ಬನೂ ಹತ್ತಿರ ಇರಲಿಲ್ಲ. ಇಂಗ್ಲಿಷಿನಲ್ಲಿ ಜಗಳವಾಡಿ ಅಭ್ಯಾಸವಿಲ್ಲದ ಹಳ್ಳಿಯ ಯುವಕ ದಣಿದ ಮೈಯನ್ನೇ ಹೊತ್ತುಕೊಂಡು ಮತ್ತೆ ಇಳಿದನು, ಸೋತನು. ಇಶಿಯಿಗೆ ಚಿನ್ನ, ಮಮ್ಮದ್‌ಬೆಯೋವನಿಗೆ ಬೆಳ್ಳಿ, ಖಾಶಾಬಾಗೆ ಕಂಚು.

ಆ ಅರ್ಧ ಗಂಟೆ ಸಿಕ್ಕಿದ್ದರೆ ಪದಕದ ಬಣ್ಣ ಬದಲಾಗುತ್ತಿತ್ತೇ? ಆಗುತ್ತಿತ್ತೆಂದು ಹೇಳುವವರಿದ್ದಾರೆ. ಮಮ್ಮದ್‌ಬೆಯೋವ್ ಸಾಮಾನ್ಯನಲ್ಲ, ವಿಶ್ರಾಂತಿಯಿದ್ದೂ ಸೋಲಬಹುದಾಗಿತ್ತು. ಆದರೆ ಹಕ್ಕಾಗಿ ಬರಬೇಕಾದ ವಿಶ್ರಾಂತಿ ತಪ್ಪಿತೆಂಬುದರಲ್ಲಿ ಊಹೆಯೇನೂ ಇಲ್ಲ. ಗೆದ್ದ ಇಶಿಯಿಯ ಚಿನ್ನ ಆ ಕೂಟದಲ್ಲಿ ಜಪಾನಿಗೆ ದೊರೆತ ಒಂದೇ ಚಿನ್ನ. ಅದೇ ಕೂಟದಲ್ಲಿ ಕೊಲ್ಹಾಪುರದವರೇ ಆದ ಕೇಶವ ಮಾಣಗಾವೆ ಮುಂದಿನ ತೂಕದ ವರ್ಗದಲ್ಲಿ ನಾಲ್ಕನೆಯವರಾದರು. ಶಿಂದೆಯವರ ಮೂವತ್ತೆರಡು ವರ್ಷ ಹಿಂದಿನ ಕಥೆಯೇ ಮರುಕಳಿಸಿತು.

ಮರುದಿನ, ಜುಲೈ ೨೪ರಂದು, ಭಾರತದ ಹಾಕಿ ತಂಡ ನೆದರ್ಲೆಂಡ್ಸನ್ನು ೬-೧ರಿಂದ ಸೋಲಿಸಿತು. ಬಲಬೀರ್ ಸಿಂಗ್ ಒಬ್ಬರೇ ಐದು ಗೋಲು ಹೊಡೆದರು. ಅಂಥ ಚಿನ್ನದ ಪಕ್ಕದಲ್ಲಿ ಕಂಚು ಹೊಳೆಯುವುದು ಕಷ್ಟ. ದೇಶದ ಕಣ್ಣು ಹಾಕಿಯ ಕಡೆ ಹೋಯಿತು.

ಕರಾಡದವರ ಕಣ್ಣು ಮಾತ್ರ ಆಚೀಚೆ ಹೋಗಲಿಲ್ಲ. ರೈಲು ನಿಲ್ದಾಣದಿಂದ ಗೋಳೇಶ್ವರಕ್ಕೆ ಅವರನ್ನು ಕರೆದೊಯ್ಯಲು ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳು ಸಿಂಗಾರಗೊಂಡು ಬಂದುವು. ಕಾಲು ಗಂಟೆಯಲ್ಲಿ ಮುಟ್ಟಬಹುದಾದ ದಾರಿಗೆ ಆ ದಿನ ಏಳು ಗಂಟೆ ಹಿಡಿಯಿತಂತೆ. ಮೆರವಣಿಗೆಯ ಗುಲಾಲು ಮೈಮೇಲಿಂದ ತೊಳೆದುಹೋದ ಮೇಲೆ ಖಾಶಾಬಾಗೆ ನೆನಪಾದದ್ದು ಅಡವಿನಲ್ಲಿದ್ದ ಮನೆ. ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ, ತಾವೇ ಕಣಕ್ಕಿಳಿದು, ಬಂದ ಹಣವನ್ನು ಕೂಡಿಸಿ ಪ್ರಿನ್ಸಿಪಾಲರ ಮನೆಯನ್ನು ಬಿಡಿಸಿಕೊಟ್ಟರು. ಒಲಿಂಪಿಕ್ ಪದಕ ಗೆದ್ದವನು ಸಾಲ ತೀರಿಸಲೆಂದು ಮತ್ತೆ ಮಣ್ಣಿಗೆ ಇಳಿದದ್ದು ಆ ಪದಕಕ್ಕಿಂತ ಕಿರಿದಾದ ಗೆಲವೆಂದು ನನಗೆ ತೋರುವುದಿಲ್ಲ.

ಆಮೇಲಿನ ಬಾಳು ಬೇಗ ಹೇಳಿ ಮುಗಿಸಬಹುದಾದಷ್ಟು ಸಾದಾ. ೧೯೫೫ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. ೧೯೫೬ರ ಮೆಲ್ಬರ್ನ್ ಕೂಟಕ್ಕೆ ಹೋಗುವ ಆಸೆಯನ್ನು ಮೊಣಕಾಲಿನ ಪೆಟ್ಟು ಮುರಿಯಿತು. ಇಲಾಖೆಯ ಪಂದ್ಯಗಳಲ್ಲಿ ಗೆದ್ದರು, ಕಿರಿಯರಿಗೆ ಕಲಿಸಿದರು. ಇಪ್ಪತ್ತೇಳು ವರ್ಷ ಸೇವೆ ಮಾಡಿ ಸಹಾಯಕ ಪೊಲೀಸ್ ಕಮಿಷನರ್ ಆಗಿ ನಿವೃತ್ತರಾದರು. ಆ ಹುದ್ದೆ ಸಿಕ್ಕಿದ್ದು ನಿವೃತ್ತಿ ಇನ್ನೇನು ಬಂದಿತೆಂಬಾಗ. ವಿಶ್ರಾಂತಿ ವೇತನಕ್ಕಾಗಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದದ್ದೂ ಆಯಿತು. ಆಟಗಾರರಿಗೆ ಕೊಡುವ ಅರ್ಜುನ ಪ್ರಶಸ್ತಿಯನ್ನು ಭಾರತ ಸರ್ಕಾರ ೧೯೬೧ರಲ್ಲಿ ಆರಂಭಿಸಿತು. ಅದಾದ ಮೇಲೆ ಇಪ್ಪತ್ತಮೂರು ವರ್ಷ ಖಾಶಾಬಾ ಬದುಕಿದ್ದರು. ಅವರಿಗೆ ಅದನ್ನು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪದ್ಮ ಪ್ರಶಸ್ತಿಯೂ ಅವರ ಬಾಳಿನಲ್ಲಿ ಬರಲಿಲ್ಲ. ೧೯೮೨ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಜ್ಯೋತಿಯನ್ನು ಹಿಡಿದು ಓಡಿದವರಲ್ಲಿ ಅವರೂ ಒಬ್ಬರು. ಸರ್ಕಾರದ ನೆನಪು ಅಷ್ಟಕ್ಕೆ ನಿಂತಿತು. ಗೋಳೇಶ್ವರದಲ್ಲಿ ಕಟ್ಟಿಸಿದ ಮನೆಗೆ ಅವರಿಟ್ಟ ಹೆಸರು ಒಲಿಂಪಿಕ್ ನಿವಾಸ.

೧೯೮೪ರ ಆಗಸ್ಟ್ ೧೨ರಂದು ಲಾಸ್ ಏಂಜಲೀಸ್ ಕೂಟ ಮುಗಿಯಿತು. ಭಾರತ ಒಂದು ಪದಕವೂ ಇಲ್ಲದೆ ಮರಳಿತು, ಪಿ. ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಒಂದಂಶದಿಂದ. ಅದಾದ ಎರಡನೆಯ ದಿನ, ಆಗಸ್ಟ್ ೧೪ರಂದು, ಖಾಶಾಬಾ ಜಾಧವರು ರಸ್ತೆಯ ಅಪಘಾತವೊಂದರಲ್ಲಿ ತೀರಿಕೊಂಡರು. ಐವತ್ತೆಂಟು ವರ್ಷ ವಯಸ್ಸು. ಅಂದಿನವರೆಗೆ ಸ್ವತಂತ್ರ ಭಾರತದ ಪಾಲಿಗೆ ವೈಯಕ್ತಿಕ ಒಲಿಂಪಿಕ್ ಪದಕ ಗೆದ್ದವರು ಅವರೊಬ್ಬರೇ. ಎರಡನೆಯವರು ಬರಲು ಇನ್ನೂ ಹನ್ನೆರಡು ವರ್ಷ ಹಿಡಿಯಿತು. ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್ ಟೆನ್ನಿಸಿನ ಕಂಚು ಗೆದ್ದರು. ಕುಸ್ತಿಯಲ್ಲಿ ಇನ್ನೊಂದು ಪದಕ ಬಂದದ್ದು ೨೦೦೮ರ ಬೀಜಿಂಗ್ ಕೂಟದಲ್ಲಿ, ಸುಶೀಲ್ ಕುಮಾರರಿಂದ, ಐವತ್ತಾರು ವರ್ಷಗಳ ನಂತರ.

ಸತ್ತ ಮೇಲೆ ಗೌರವಗಳು ಬಂದುವು. ಮಹಾರಾಷ್ಟ್ರ ಸರ್ಕಾರ ತನ್ನ ಛತ್ರಪತಿ ಪುರಸ್ಕಾರ ಕೊಟ್ಟಿತು. ಅರ್ಜುನ ಪ್ರಶಸ್ತಿಯೂ ಬಂದಿತು. ೨೦೧೦ರ ಕಾಮನ್‌ವೆಲ್ತ್ ಕೂಟಕ್ಕೆಂದು ದೆಹಲಿಯಲ್ಲಿ ಸಿದ್ಧವಾದ ಕುಸ್ತಿಯ ಒಳಾಂಗಣಕ್ಕೆ ಅವರ ಹೆಸರಿಟ್ಟರು. ಗೋಳೇಶ್ವರದಲ್ಲಿ ಅವರ ಹೆಸರಿನ ಕುಸ್ತಿ ಶಾಲೆಯೊಂದನ್ನು ಕಟ್ಟುವುದಾಗಿಯೂ ಮಾತು ಕೊಟ್ಟರು. ವರ್ಷಗಳು ಕಳೆದರೂ ಶಾಲೆ ಏಳದಿದ್ದಾಗ, ೨೦೧೭ರಲ್ಲಿ, ಅದನ್ನು ತಾವೇ ಕಟ್ಟಲು ಹೆಲ್ಸಿಂಕಿಯ ಕಂಚಿನ ಪದಕವನ್ನು ಹರಾಜಿಗೆ ಇಡುವುದಾಗಿ ಅವರ ಮನೆಯವರು ಸಾರಿದರು.